ಟೆರೇಸ್ ಮೇಲೆ ಮಣ್ಣು ಹಾಕಿದ್ರೆ ಮನೆ ಸೋರುತ್ತಾ?

ಪ್ರಶ್ನೆ: ನಮ್ಮದು 30x40 ಸೈಟು. ಟೆರೇಸ್ ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸಿದ್ರೆ ಮಳೆನೀರು ರೋಡಿಗೆ ಹೋಗೋದು ಕಮ್ಮಿ ಆಗುತ್ತಂತೆ, ನಿಜಾನಾ? ಮೋಲ್ಡ್ (ಕಾಂಕ್ರೀಟ್ ಛಾವಣಿ) ಸೋರುತ್ತೆ ಅಂತ ಮೇಸ್ತ್ರಿ ಬೇಡ ಅಂತಿದಾರೆ.

ಕಮ್ಮಿ ಆಗುತ್ತೆ, ಲೆಕ್ಕ ಆಮೇಲೆ. ಮೊದಲು ಈ ಸೋರೋ ಕಥೆ ಮುಗಿಸೋಣ, ಎಷ್ಟು ಸಲ ಬರೆದ್ರೂ ಮುಂದಿನ ಮಳೆಗಾಲಕ್ಕೆ ಮತ್ತೆ ಚಿಗುರುತ್ತೆ.

ಸ್ವಾಮಿ, ಒಂದು ಗಿಡವೂ ಇಲ್ಲದ ಟೆರೇಸ್‌ಗಳು ಸೋರ್ತಾ ಇಲ್ವಾ? ಜೂನ್ ಬಂದ್ರೆ ನಿಮ್ಮ ಬೀದೀಲೇ ಎಷ್ಟು ಮನೆ ಮೇಲೆ ನೀಲಿ ಟಾರ್ಪಾಲು ಏಳುತ್ತೆ ನೋಡಿ. ನೀರು ಇಳಿಯೋದು ಪ್ಯಾರಪೆಟ್ ಗೋಡೆ ಮೋಲ್ಡಿಗೆ ಸೇರೋ ಮೂಲೇಲಿ, ಪೈಪ್ ಬಾಯಿ ಸುತ್ತ, ಇಲ್ಲಾ ಸೋಲಾರ್ ಸ್ಟ್ಯಾಂಡಿಗೆ ಬೋಲ್ಟ್ ಹೊಡೆದ ತೂತಲ್ಲಿ. ಏಪ್ರಿಲ್ ಮಧ್ಯಾಹ್ನ ಕಾದು, ಸಂಜೆ ಮಳೆಗೆ ಪಟ್ ಅಂತ ತಣ್ಣಗಾಗಿ, ಹಿಗ್ಗಿ ಕುಗ್ಗಿ ಹಿಗ್ಗಿ ಕುಗ್ಗಿ ವಾಟರ್‌ಪ್ರೂಫಿಂಗ್ ಕೋಟು ಬಿರುಕು ಬಿಡೋದು, ಮೇಲೆ ಮಣ್ಣಿದ್ರೆ ಅದಕ್ಕೆ ಬಿಸಿಲೇ ತಾಗಲ್ಲ, ಇನ್ನೂ ಜಾಸ್ತಿ ವರ್ಷ ಬಾಳುತ್ತೆ. ಬೇರು ಒಡೆಯುತ್ತೆ ಅಂತೀರಾ? ಪ್ಯಾರಪೆಟ್ ಸಂದೀಲಿ ಕಾಗೆ ಹಿಕ್ಕೆಯಿಂದ ಹುಟ್ಟಿದ ಅರಳಿ ಗಿಡಕ್ಕೆ ಯಾರು ಮಣ್ಣು ಹಾಕಿದ್ರು?

ಹಾಳಾಗಿರೋ ಕೋಟಿನ ಮೇಲೆ ಮಣ್ಣು ಸುರಿದ್ರೆ ಮಾತ್ರ ಸೋರೇ ಸೋರುತ್ತೆ, ಆಮೇಲೆ ಎಲ್ಲಿ ಅಂತ ಹುಡುಕೋಕೆ ಅಷ್ಟೂ ಮಣ್ಣು ತೆಗೀಬೇಕು. ಅದಕ್ಕೇ ಮೊದಲು ಪೈಪ್ ಬಾಯಿ ಮುಚ್ಚಿ ಎರಡು ದಿನ ನೀರು ಕಟ್ಟಿ, ಕೆಳಗೆ ಸೀಲಿಂಗಲ್ಲಿ ತೇವ ಬಂತಾ ನೋಡಿ. ಬರಲಿಲ್ಲ ಅಂದ್ರೆ ಬೇರು ತಡೆಯೋ ಶೀಟು, ಅದರ ಮೇಲೆ ನೀರು ಹರಿದು ಹೋಗೋಕೆ ಡ್ರೈನ್ ಸೆಲ್ ಅನ್ನೋ ತೂತಿರೋ ಪ್ಲಾಸ್ಟಿಕ್ ಹಾಸು, ಮಣ್ಣು ತಡೆದು ನೀರು ಮಾತ್ರ ಬಿಡೋ ಜಿಯೋಟೆಕ್ಸ್‌ಟೈಲ್ ಬಟ್ಟೆ, ಆಮೇಲೆ ಮಣ್ಣು. ಪೈಪ್ ಬಾಯಿ ಸುತ್ತ ಒಂದಡಿ ಬರೀ ಜಲ್ಲಿ, ಕೈ ಹಾಕಿ ಎಲೆ ತೆಗೆಯೋ ಹಾಗಿರಲಿ.

ಹೆದರಬೇಕಾಗಿದ್ದು ಭಾರಕ್ಕೆ, ಅದನ್ನ ಯಾರೂ ಕೇಳಲ್ಲ! ಓಡಾಡೋ ಟೆರೇಸಿಗೆ ಲೆಕ್ಕ ಹಾಕಿರೋದು ಚದರ ಮೀಟರಿಗೆ ಸುಮಾರು 150 ಕೆಜಿ. ಆರಿಂಚು ಕೆಂಪುಮಣ್ಣು ನೆನೆದ್ರೆ 250 ಕೆಜಿ ದಾಟುತ್ತೆ. ಕೋಕೋಪೀಟ್, ಇಟ್ಟಿಗೆ ಚೂರು ಬೆರೆಸಿದ ಹಗುರ ಮಿಶ್ರಣ ನಾಲ್ಕೇ ಇಂಚು ಹಾಕಿದ್ರೂ 100 ಕೆಜಿ ಮೇಲೇ ಬರುತ್ತೆ, ಓಡಾಡೋರ ಭಾರ ಬೇರೆ, ಹಾಗಾಗಿ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಹೂಂ ಅನ್ನಲಿ. ಹುಲ್ಲು ಬೇಡ, ಬೇಸಿಗೇಲಿ ಟ್ಯಾಂಕರ್ ತರಿಸಿ ಲಾನಿಗೆ ಹಾಕ್ತೀರಾ? ಟೇಬಲ್ ರೋಸ್ ಥರದ್ದು ಹಾಕಿ, ಒಣಗಿದ್ರೂ ತಡಕೊಳ್ಳುತ್ತೆ.

ಈಗ ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದ್ರೆ ಒಂದು ಲೀಟರ್. ನಿಮ್ಮ ಟೆರೇಸ್ 900 ಚದರಡಿ ಅಂದ್ಕೊಳ್ಳಿ, 84 ಚದರ ಮೀಟರ್. ಒಣಗಿದ್ದ ನಾಲ್ಕಿಂಚು ಮಿಶ್ರಣ ಅಂದಾಜು 30 ಮಿ.ಮೀ. ಹೀರಿದ್ರೂ 2,500 ಲೀಟರ್ ರೋಡಿಗೆ ಬರಲಿಲ್ಲ. ಮೇ ತಿಂಗಳ ಸಂಜೆ ಮಳೆಗೆ ಇದು ದೊಡ್ಡದೇ. 2022ರ ಸೆಪ್ಟೆಂಬರಲ್ಲಿ ಬೆಂಗಳೂರಲ್ಲಿ ಒಂದೇ ದಿನ 131 ಮಿ.ಮೀ. ಸುರಿದು ಬೆಳ್ಳಂದೂರು ಕಡೆ ಮುಳುಗ್ತಲ್ಲ, ಅಂಥ ಮಳೇಲಿ ಕಾಲು ಭಾಗವನ್ನೂ ಹೀರಲ್ಲ, ಹಿಂದಿನ ದಿನವೇ ನೆನೆದಿದ್ರೆ ಇನ್ನೂ ಕಮ್ಮಿ. ಆದ್ರೂ ಮಣ್ಣಿಂದ ಜಿನುಗಿ ಬರೋ ನೀರು ತಡವಾಗಿ ಬರುತ್ತೆ, ರಾಜಕಾಲುವೆಗೆ ಎಲ್ಲಾ ಮನೆ ನೀರು ಒಟ್ಟಿಗೆ ನುಗ್ಗಲ್ಲ.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಮಳೆಕೊಯ್ಲು ಮಾಡಿಸಿದೀರಲ್ಲ? ಬೆಂಗಳೂರಿನ 2009ರ ನಿಯಮದ ಪ್ರಕಾರ ಹೊಸ ಮನೆ ಆದ್ರೆ 30x40ಕ್ಕೂ ಕಡ್ಡಾಯ. ಮಣ್ಣು ಹಾಕಿದ ಟೆರೇಸಿನ ಪೈಪನ್ನ ಹಾಗೇ ಸಂಪಿಗೆ ಬಿಟ್ರೆ ಟೀ ಬಣ್ಣದ ನೀರು ಬರುತ್ತೆ, ಅದೂ ಮೊದಲಿಗಿಂತ ಕಮ್ಮಿ. ಮಣ್ಣಿರೋ ಭಾಗದ ಪೈಪು ಇಂಗುಬಾವಿಗೆ, ಮೆಟ್ಟಿಲ ಮೇಲಿನ ಹೆಡ್‌ರೂಮ್ ಮೋಲ್ಡ್ ಖಾಲಿ ಬಿಟ್ಟು ಅದರ ನೀರು ಮಾತ್ರ ಫಿಲ್ಟರ್ ಮಾಡಿ ಸಂಪಿಗೆ. ಪ್ಲಂಬರ್‌ಗೆ ಇದನ್ನ ಮಣ್ಣು ಹಾಕೋ ಮುಂಚೇನೇ ಹೇಳಿ.