ಲ್ಯಾಟಿನ್ ಬೇರಿಗೆ ಸ್ಲಾವ್ ಕಸಿ: ‘ಇನ್ನೂ ಎತ್ತರ’ ಎನ್ನುವುದು ಹೇಗೆ?

ಪಣಜಿಯಲ್ಲೋ ವಾಸ್ಕೋದಲ್ಲೋ ಕೂತು ಹೊಸ ಭಾಷೆ ಕಟ್ಟುವ ಹವ್ಯಾಸ ಹಚ್ಚಿಕೊಂಡ ಕನ್ನಡಿಗರಿಗೆ ಪೋರ್ಚುಗೀಸ್ ಕೈಗೆಟುಕುವ ಮಾದರಿ. ಲ್ಯಾಟಿನ್‌ನಿಂದ ಹುಟ್ಟಿದ ಅದರ ಬಳಗಕ್ಕೆ ಸ್ಲಾವ್ (ಪೋಲಿಷ್, ಬಲ್ಗೇರಿಯನ್ ಮುಂತಾದ ಭಾಷೆಗಳ) ಗುಣ ಬೆರೆಸಹೊರಟವರು ಮೊದಲು ಎಡವುವುದು ಗುಣವಾಚಕಗಳ ಹೋಲಿಕೆಯಲ್ಲಿ. ‘ಇದು ಅದಕ್ಕಿಂತ ಎತ್ತರ’ ಎಂದರೆ ನಮಗೆ ಸಾಕು, ‘ಎತ್ತರ’ ಅಲುಗುವುದಿಲ್ಲ. ಕೊಂಕಣಿಯ ‘ಪರಸ್’, ಮರಾಠಿಯ ‘ಪೇಕ್ಷಾ’ ಕೂಡ ಹೀಗೆಯೇ. ಲ್ಯಾಟಿನ್, ಸ್ಲಾವ್ ಬಳಗಗಳಲ್ಲಿ ಮಾತ್ರ ಗುರುತು ಗುಣವಾಚಕಕ್ಕೂ ಬೇಕು.

ಲ್ಯಾಟಿನ್‌ನಲ್ಲಿ ಎತ್ತರಕ್ಕೆ ಆಲ್ಟುಸ್, ಇನ್ನೂ ಎತ್ತರಕ್ಕೆ ಆಲ್ಟಿಯೊರ್. ಆದರೆ ‘ಇದೋನೆಯುಸ್’ನಂತೆ ‘ಉಸ್’ಗೆ ಮುಂಚೆ ಸ್ವರ ಬರುವ ಪದಗಳಿಗೆ ಈ ‘-ಇಯೊರ್’ ಪ್ರತ್ಯಯ ಹೊಂದುತ್ತಿರಲಿಲ್ಲ, ಪದಕ್ಕೆ ಮೊದಲು ‘ಮಾಗಿಸ್’ (ಹೆಚ್ಚು) ಸೇರಿಸುತ್ತಿದ್ದರು. ಬರಬರುತ್ತ ಈ ಪದ್ಧತಿಯೇ ಎಲ್ಲಕ್ಕೂ ಹಬ್ಬಿತು. ಫ್ರಾನ್ಸ್, ಇಟಲಿಗಳು ಅದೇ ಅರ್ಥದ ‘ಪ್ಲುಸ್’ ಹಿಡಿದವು. ಐಬೀರಿಯಾ, ರೊಮೇನಿಯಾಗಳಲ್ಲಿ ‘ಮಾಗಿಸ್’ ಉಳಿಯಿತು: ಪೋರ್ಚುಗೀಸಿನ ‘ಮಾಯ್ಸ್’, ರೊಮೇನಿಯನ್ನಿನ ‘ಮಾಯ್’. ಪೋರ್ಚುಗೀಸಿನಲ್ಲಿ ಮೆಲ್ಯೋರ್ (ಇನ್ನೂ ಒಳ್ಳೆಯ), ಪಿಯೋರ್ (ಇನ್ನೂ ಕೆಟ್ಟ)‌ನಂಥ ಹಳೆಯ ರೂಪಗಳು ಬದುಕಿವೆ; ರೊಮೇನಿಯನ್ ‘ಮಾಯ್ ಬುನ್’ (ಹೆಚ್ಚು ಒಳ್ಳೆಯ) ಎಂದು ಅದನ್ನೂ ಬಿಟ್ಟುಕೊಟ್ಟಿತು.

ಸ್ಲಾವ್ ಕಡೆಯಲ್ಲೂ ಒಡಕಿದೆ. ಪೋಲಿಷ್‌ನಲ್ಲಿ ಎತ್ತರ, ಇನ್ನೂ ಎತ್ತರ, ಎಲ್ಲಕ್ಕಿಂತ ಎತ್ತರ ಎನ್ನಲು ವಿಸೋಕಿ, ವಿಶ್ಷಿ, ನಾಯ್‌ವಿಶ್ಷಿ. ‘ನಾಯ್’ (ಕನ್ನಡದ ಕಿವಿಗೆ ಬೊಗಳಿದರೆ ಬೊಗಳಲಿ) ಅಂಟುವುದು ತುಲನೆಯ ರೂಪಕ್ಕೆ, ಮೂಲ ಪದಕ್ಕಲ್ಲ. ಬಲ್ಗೇರಿಯನ್ ತುಲನೆಯ ಪ್ರತ್ಯಯವನ್ನೇ ಕಳೆದುಕೊಂಡಿತು. ಅಲ್ಲಿ ಗೋಲ್ಯಾಮ್ (ದೊಡ್ಡ), ಪೊಗೋಲ್ಯಾಮ್, ನಾಯ್‌ಗೋಲ್ಯಾಮ್.

ಹಾಗಾಗಿ ನೀವು ಕಟ್ಟುವ ಭಾಷೆಗೆ ನೆರೆಯವರು ಯಾರೆಂದು ಮೊದಲು ತೀರ್ಮಾನಿಸಬೇಕು. ಬಲ್ಗೇರಿಯಾ ಎಂದಾದರೆ ‘ಮಾಯ್ ಆಲ್ತ್, ನಾಯ್ ಆಲ್ತ್’, ಕೆಲಸ ಸಲೀಸು. ಪೋಲೆಂಡ್ ಎಂದಾದರೆ (ಹೀಗೆಯೇ ಕಟ್ಟಿದ 2002ರ ವೆನೆದಿಕ್ ಭಾಷೆ ಹಿಡಿದದ್ದು ಪೋಲಿಷ್ ಧ್ವನಿಬದಲಾವಣೆಗಳನ್ನೇ) ದ್ವಿತೀಯಾ ವಿಭಕ್ತಿಯ ‘ಆಲ್ಟಿಯೋರೆಮ್’ನಿಂದ ಹೊರಡಿ. ‘ಟಿ’ ಮುಂದಿನ ಸ್ವರದೊಡನೆ ಬೆರೆತು ‘ತ್ಸ’ ಆಗುತ್ತದೆ, ಕೊನೆಯ ‘ಎಮ್’ ಉದುರುತ್ತದೆ: ಆಲ್ತ್ಸೋರ್, ನಾಯಾಲ್ತ್ಸೋರ್. ಇದು ಬರೀ ಕಲ್ಪನೆಯೂ ಅಲ್ಲ. ಹಳೆಯ ಫ್ರೆಂಚ್‌ನಲ್ಲಿ ಇದೇ ಬೇರಿನ ‘ಹೌತ್ಸೋರ್’ ಇತ್ತು. ಪ್ರಥಮಾ ರೂಪದಿಂದ ಹೊರಟರೆ ಒತ್ತು ಮೊದಲ ಅಕ್ಷರಕ್ಕೆ ಬಿದ್ದು ಬಾಲ ಸವೆಯುತ್ತದೆ, ಮೂಲಪದಕ್ಕೂ ತುಲನೆಗೂ ವ್ಯತ್ಯಾಸ ಉಳಿಯುವುದು ಕಷ್ಟ.

ಹೆಚ್ಚಿನವರು ಕೆಡಿಸುವುದು ಎರಡನ್ನೂ ಕಲಸಿ: ಆಲ್ತ್ಸೋರ್ ಇಟ್ಟುಕೊಂಡು ‘ನಾಯಾಲ್ತ್’ ಎನ್ನುತ್ತಾರೆ. ಜೀವಂತ ಪ್ರತ್ಯಯ ಕೈಯಲ್ಲಿರುವಾಗ ‘ನಾಯ್’ ಅದನ್ನು ದಾಟಿ ಮೂಲಕ್ಕೆ ಹಾರಲು ಕಾರಣವೇ ಇಲ್ಲ. ‘ಮಾಯ್ ಆಲ್ತ್ಸೋರ್’ ಇನ್ನೊಂದು ದುಪ್ಪಟ್ಟು.

‘-ಗಿಂತ’ಕ್ಕೆ ಮಾತ್ರ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪೋಲಿಷ್ ‘ಓದ್’, ಇಟಾಲಿಯನ್ ‘ದಿ’ ಎರಡಕ್ಕೂ ‘ಇಂದ’ ಎಂಬ ಅರ್ಥ ಉಂಟು, ಲ್ಯಾಟಿನ್‌ನ ‘ದೆ’ ಎರಡೂ ಕಡೆಗೆ ಹೊಂದುತ್ತದೆ.