ಎಂಸಿಬಿ ಬಿದ್ದಿಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ

ಮಲ್ಪೆ, ಕಾಪು, ಮರವಂತೆ ಕಡೆ ಈಗ ಕ್ಯಾರವಾನ್‌ಗಳು, ಅಂದರೆ ಒಳಗೇ ಉಳಿದುಕೊಳ್ಳುವ ಗಾಡಿಗಳು, ಕಾಣಸಿಗುತ್ತವೆ. ನೆಂಟರ ಮನೆ ಅಂಗಳದಲ್ಲೋ ಹೋಮ್‌ಸ್ಟೇ ತೋಟದಲ್ಲೋ ಗಾಡಿ ನಿಲ್ಲಿಸಿ, ಮನೆಯ ಪ್ಲಗ್‌ನಿಂದ ಒಂದು ವಯರ್ ಎಳೆದುಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ವಯರಿಂಗ್ ಕೆಲಸ ಮಾಡುವ ನನಗೆ ತಲೆಬಿಸಿ ತರುವುದು ಒಂದೇ ಮಾತು: "ಎಂಸಿಬಿ ಉಂಟಲ್ಲ ಮಾರಾಯ್ರೆ, ಲೋಡ್ ಜಾಸ್ತಿ ಆದ್ರೆ ಅದೇ ಬೀಳ್ತದೆ."

ಬೀಳುವುದಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಆಫ್ ಆಗುವ, ನಾವು 'ಬೀಳುವುದು' ಅನ್ನುವ, ಮೇನ್ ಬೋರ್ಡ್‌ನ ಸ್ವಿಚ್. ಅದು ಇರುವುದು ಗೋಡೆಯೊಳಗಿನ ವಯರನ್ನು ಕಾಯಲಿಕ್ಕೆ. ನೀವು ಅಂಗಡಿಯಿಂದ ತಂದ ಎಕ್ಸ್‌ಟೆನ್ಶನ್ ವಯರ್ ದಪ್ಪವೋ ಸಪೂರವೋ, ಅದಕ್ಕೆ ಗೊತ್ತಿಲ್ಲ. ಇನ್ನೊಂದು, 16 ಆಂಪ್ಸ್ ಎಂಸಿಬಿ 16 ದಾಟಿದ ಕೂಡಲೇ ಬೀಳುವ ಸಾಮಾನಲ್ಲ. ಸುಮಾರು 18 ಆಂಪ್ಸ್ ಒಂದು ಗಂಟೆ ಹರಿದರೂ ಅದು ಬೀಳಬಾರದು. 23 ದಾಟಿದರೆ ಒಂದು ಗಂಟೆಯೊಳಗೆ ಬೀಳಬೇಕು. ಅದನ್ನು ಮಾಡಿರುವುದೇ ಹಾಗೆ.

ಈಗ ನಿಮ್ಮ ಗಾಡಿಯ ಲೆಕ್ಕ ಹಾಕಿ. ಸಣ್ಣ ಏಸಿ 5 ಆಂಪ್ಸ್ ಆಸುಪಾಸು. 1500 ವ್ಯಾಟ್‌ನ ಕೆಟಲ್ ಅಥವಾ ಹೀಟರ್ ಇನ್ನೊಂದು ಆರೂವರೆ. ಒಟ್ಟು 11 ದಾಟಿತು. 16ರ ಎಂಸಿಬಿಗೆ ಇದು ಏನೂ ಅಲ್ಲ. ಆದರೆ ನಿಮ್ಮ ಕೈಯಲ್ಲಿರುವುದು 0.75 ಸ್ಕ್ವೇರ್ ಎಂಎಂನ ಸಪೂರ ವಯರ್, 30 ಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಬರೀ 10 ಆಂಪ್ಸ್ ಹರಿದರೂ ಆ ವಯರಲ್ಲೇ 150 ವ್ಯಾಟ್‌ಗಿಂತ ಜಾಸ್ತಿ ಬಿಸಿಯಾಗಿ ಹೋಗುತ್ತದೆ, 15 ವೋಲ್ಟ್ ದಾರಿಯಲ್ಲೇ ಇಳಿಯುತ್ತದೆ. ವಯರ್ ಉದ್ದಕ್ಕೆ ಹಾಸಿದ್ದರೆ ಆ ಬಿಸಿ ಗಾಳಿಗೆ ಹೋದೀತು. ಆದರೆ ಗಾಡಿ ನಿಂತಿರುವುದು ಎಂಟು ಮೀಟರ್ ದೂರದಲ್ಲಿ. ಉಳಿದ ವಯರನ್ನು ನೀಟಾಗಿ ಸುತ್ತಿಡುತ್ತೇವೆ, ಅಲ್ವಾ? ಆ ಸುರುಳಿಯ ಒಳಗಿನ ಬಿಸಿ ಹೊರಗೆ ಬರಲು ದಾರಿಯೇ ಇಲ್ಲ.

ಕಿನ್ನಿಗೋಳಿ ಕಡೆಯ ಒಂದು ಮನೆಗೆ ಬೆಂಗಳೂರಿನಿಂದ ಮೊಮ್ಮಗ ಕ್ಯಾರವಾನ್ ತಂದಿದ್ದ. ಯಾರೂ ಎಡವಿ ಬೀಳಬಾರದೆಂದು ಅವನು ವಯರನ್ನು ಸುತ್ತಿ ಜಗಲಿಯ ಬದಿಗಿಟ್ಟ. ಮಳೆಹನಿ ತಾಗದಿರಲಿ ಎಂದು ಅಜ್ಜಿ ಅದರ ಮೇಲೆ ಎರಡು ಗೋಣಿ ಹೊದೆಸಿದರು. ಇಬ್ಬರದ್ದೂ ಕಾಳಜಿಯೇ. ರಾತ್ರಿ ಸುಟ್ಟ ವಾಸನೆ ಮೊದಲು ಬಡಿದದ್ದು ಅಜ್ಜಿಯ ಮೂಗಿಗೆ. ಅವರು ಎದ್ದು ಸ್ವಿಚ್ ಆಫ್ ಮಾಡಿದ್ದರಿಂದ ಜಗಲಿ ಉಳಿಯಿತು. ಬೆಳಿಗ್ಗೆ ನಾನು ಹೋದಾಗ ಒಳಗಿನ ಸುತ್ತುಗಳು ಕರಗಿ ಒಂದೇ ಮುದ್ದೆಯಾಗಿದ್ದವು. ಹುಡುಗ ನನ್ನನ್ನು ಮೇನ್ ಬೋರ್ಡ್ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದ: "ನೋಡಿ ಅಂಕಲ್, ಎಂಸಿಬಿ ಬಿದ್ದೇ ಇಲ್ಲ." ಅದು ಬೀಳಲಿಕ್ಕೆ ಕಾರಣವೇ ಇರಲಿಲ್ಲ ಮಗಾ.

ದೊಡ್ಡ ಪಿನ್ನನ್ನು ಸಣ್ಣ ಪ್ಲಗ್‌ಗೆ ಹಾಕುವ ಕನ್ವರ್ಟರ್ ಕಥೆಯೂ ಇದೇ. 6 ಆಂಪ್ಸ್ ಪ್ಲಗ್‌ನಲ್ಲಿ ಲೈಟು, ಫ್ಯಾನು, ಮೊಬೈಲ್, ಸಣ್ಣ ಫ್ರಿಜ್ ನಡೆಸಿ, ಬೇಡ ಅನ್ನುವುದಿಲ್ಲ. ಏಸಿ, ಇಂಡಕ್ಷನ್ ಬೇಡ. ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಪ್ಲಗ್ ಒಳಗಿನ ಹಿತ್ತಾಳೆ ಕಪ್ಪಾಗಿ, ಹಿಡಿತ ಸಡಿಲವಾಗಿರುತ್ತದೆ. ಬಿಸಿ ಏರುವುದು ಅಲ್ಲೇ. ಅದೂ ಎಂಸಿಬಿಗೆ ಕಾಣುವುದಿಲ್ಲ.

ಅಮೆರಿಕದವರ ವೀಡಿಯೊ ನೋಡಿ "ನಮಗೆ 30 ಆಂಪ್ಸ್ ಬೇಕು" ಎಂದು ಬರುವವರೂ ಇದ್ದಾರೆ. ಅಲ್ಲಿ 120 ವೋಲ್ಟ್, ಇಲ್ಲಿ 230. ಅವರ 30 ಆಂಪ್ಸ್ ಎಂದರೆ 3600 ವ್ಯಾಟ್. ನಮ್ಮ 16 ಆಂಪ್ಸ್ ಪವರ್ ಪ್ಲಗ್ 3680 ವ್ಯಾಟ್ ಕೊಡುತ್ತದೆ. ಬೇಕಾದಷ್ಟಾಯಿತು.

ಅರ್ತಿಂಗ್ ಬಗ್ಗೆ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಗಾಡಿಯ ಮೈ ಕಬ್ಬಿಣ, ಕೆಳಗೆ ರಬ್ಬರ್ ಟಯರು. ಅರ್ತಿಂಗ್ ಸರಿ ಇಲ್ಲದೆ ಒಳಗೆ ಎಲ್ಲೋ ಕರೆಂಟು ಲೀಕ್ ಆದರೆ, ಒದ್ದೆ ನೆಲದಲ್ಲಿ ನಿಂತು ಬಾಗಿಲು ಮುಟ್ಟಿದವರ ಮೈಯಲ್ಲೇ ಅದು ಹರಿಯುತ್ತದೆ. ಜೀವ ತೆಗೆಯಲು ಬೇಕಾಗುವ ಕರೆಂಟು ಎಂಸಿಬಿಯ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ 30 ಮಿಲಿಆಂಪ್ಸ್‌ನ ಆರ್‌ಸಿಸಿಬಿಯೇ, ಅಂದರೆ ಕರೆಂಟು ಲೀಕ್ ಆದ ಕೂಡಲೇ ಲೈನ್ ಕಡಿಯುವ ಸ್ವಿಚ್ಚೇ, ಬೇಕು. ನಮ್ಮ ಮುರಕಲ್ಲಿನ ನೆಲ ಏಪ್ರಿಲ್, ಮೇಯಲ್ಲಿ ಒಣಗಿ ಅರ್ತಿಂಗ್ ಗುಂಡಿ ಕೈಕೊಡುತ್ತದೆ. ಗುಂಡಿಗೆ ನೀರು ಹಾಕಿಸಿ, ಮೀಟರ್ ಇಟ್ಟು ನೋಡಿಸಿ.

ವಯರ್ 2.5 ಸ್ಕ್ವೇರ್ ಎಂಎಂ, ಮೂರು ಕೋರ್‌ನ ತಾಮ್ರದ್ದೇ ಇರಲಿ. ಪೂರ್ತಿ ಬಿಚ್ಚಿ ಹಾಸಿ. ಜಾಯಿಂಟ್ ಇದ್ದರೆ ನೆಲದಿಂದ ಮೇಲಿರಲಿ. ನಿಮ್ಮ ಮನೆಯ ವಯರಿಂಗ್ ಕಣ್ಣಾರೆ ನೋಡದೆ ಇದಕ್ಕಿಂತ ಜಾಸ್ತಿ ಹೇಳುವುದು ಸರಿಯಲ್ಲ. ಮನೆ ಹಳೆಯದಾದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ. ಏಸಿ ಹಾಕಿ ಅರ್ಧ ಗಂಟೆ ಕಳೆದ ಮೇಲೆ ಪ್ಲಗ್‌ನ ಪ್ಲಾಸ್ಟಿಕ್ ಮುಟ್ಟಿ ನೋಡಿ, ಒಣ ಕೈಯಲ್ಲಿ. ಉಗುರು ಬೆಚ್ಚಗಿದ್ದರೆ ತೊಂದರೆ ಇಲ್ಲ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ ಮೊದಲು ಸ್ವಿಚ್ ಆಫ್ ಮಾಡಿ, ಆಮೇಲೆ ಪ್ಲಗ್ ತೆಗೆಯಿರಿ. ಆ ರಾತ್ರಿಗೆ ಫ್ಯಾನ್ ಸಾಕು.