ರಿಪೋರ್ಟ್ ಪಾಸಿಟಿವ್ ಅಂದ್ರೆ ಖುಷಿಪಡಬೇಕಾ?

ನಮ್ಮ ಲ್ಯಾಬ್‌ನಲ್ಲಿ ಸಂಜೆ ಐದರ ಮೇಲೆ ರಿಪೋರ್ಟ್ ಕೊಡುತ್ತೇವೆ. ಒಂದು ದಿನ ಒಬ್ಬ ಯಜಮಾನರು ಕೌಂಟರ್ ಮುಂದೆಯೇ ಕವರ್ ಹರಿದು ಓದಿದರು. ಹೆಂಡತಿ ಕಡೆ ತಿರುಗಿ, "ಪಾಸಿಟಿವ್ ಬಂದಿದೆ ಕಣೇ, ನಡಿ ಹೋಗೋಣ" ಅಂದರು. ಮುಖದ ತುಂಬ ನಗು. ನಾನು ಮೈಕ್ರೋಸ್ಕೋಪ್ ಬಿಟ್ಟು ಎದ್ದು ಬಂದೆ. ಅದು ಲಿವರ್‌ಗೆ ತಗಲುವ ವೈರಸ್ ಸೋಂಕು, ಹೆಪಟೈಟಿಸ್ ಬಿಯ ರಿಪೋರ್ಟ್.

ಅವರ ತಪ್ಪೇನಿಲ್ಲ ಬಿಡಿ. ಟಿವಿ ಹಾಕಿದರೆ, ಮಕ್ಕಳ ಶಾಲೆಗೆ ಹೋದರೆ, ಎಲ್ಲ ಕಡೆ 'ಪಾಸಿಟಿವ್ ಆಗಿ ಯೋಚ್ನೆ ಮಾಡಿ' ಅನ್ನುವುದೇ ಕೇಳುತ್ತದೆ. ಕೊರೊನಾ ಬಂದಾಗ ಊರಿಗೆ ಊರೇ ಇದನ್ನು ಉಲ್ಟಾ ಕಲಿತಿತ್ತು: ಪಾಸಿಟಿವ್ ಕೆಟ್ಟದ್ದು, ನೆಗೆಟಿವ್ ಒಳ್ಳೆಯದು. ಅದೂ ಸರಿಯಿಲ್ಲ.

ಲ್ಯಾಬ್‌ನವರ ಮಾತಿನಲ್ಲಿ ಪಾಸಿಟಿವ್ ಅಂದರೆ 'ಹುಡುಕಿದ್ದು ಸಿಕ್ಕಿತು'. ನೆಗೆಟಿವ್ ಅಂದರೆ 'ಸಿಗಲಿಲ್ಲ'. ಅಷ್ಟೇ. ಸಿಕ್ಕಿದ್ದು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಏನನ್ನು ಹುಡುಕಿದ್ದೇವೆ, ಯಾರಿಗೆ ಹುಡುಕಿದ್ದೇವೆ ಅನ್ನುವುದರ ಮೇಲಿದೆ. ಗರ್ಭಿಣಿಯೋ ಅಲ್ಲವೋ ಎಂದು ನೋಡುವ ಪಟ್ಟಿಯಲ್ಲಿ ಅದೇ ಎರಡು ಗೆರೆ ಒಬ್ಬರ ಮನೆಯಲ್ಲಿ ಪಾಯಸ ಮಾಡಿಸುತ್ತದೆ, ಇನ್ನೊಬ್ಬರ ಮನೆಯಲ್ಲಿ ರಾತ್ರಿಯಿಡೀ ನಿದ್ದೆ ಕೆಡಿಸುತ್ತದೆ.

ಜಾಸ್ತಿ ಗೊಂದಲ ಇರುವುದು ಬ್ಲಡ್ ಗ್ರೂಪಿನಲ್ಲಿ. "ನಮ್ಮ ಸೊಸೆ ರಕ್ತದಲ್ಲೇ ನೆಗೆಟಿವ್ ಇದೆಯಂತಲ್ಲಾ ಮೇಡಂ" ಎಂದು ಒಬ್ಬ ಅತ್ತೆ ಪಿಸುಗುಟ್ಟಿದ್ದರು, ಹುಡುಗಿಗೆ ಏನೋ ದೋಷ ಇದೆ ಅನ್ನುವ ಹಾಗೆ. ಅವರನ್ನು ಒಳಗೆ ಕರೆದು ತೋರಿಸಿದೆ. ಗಾಜಿನ ಸ್ಲೈಡ್ ಮೇಲೆ ಒಂದು ಹನಿ ರಕ್ತ, ಪಕ್ಕದಲ್ಲಿ ಒಂದು ಹನಿ ಆಂಟಿ-ಡಿ ದ್ರವ. ಕಡ್ಡಿಯಲ್ಲಿ ಬೆರೆಸಿ ಸ್ಲೈಡನ್ನು ಆಚೆ ಈಚೆ ವಾಲಿಸಿದರೆ ಕೆಲವರ ರಕ್ತ ಒಡೆದ ಹಾಲಿನ ಹಾಗೆ ತರಿ ತರಿಯಾಗುತ್ತದೆ. ಕೆಂಪು ಕಣಗಳ ಮೇಲೆ ಆರ್‌ಎಚ್ ಡಿ ಎಂಬ ಪ್ರೋಟೀನ್ ಇದೆ ಎಂದರ್ಥ, ಅವರು ಪಾಸಿಟಿವ್. ಸೊಸೆಯ ರಕ್ತ ನುಣ್ಣಗೆ ಹಾಗೇ ಉಳಿಯಿತು. ಆ ಪ್ರೋಟೀನ್ ಇಲ್ಲ, ಅದೊಂದೇ ವ್ಯತ್ಯಾಸ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ಐದು ಜನ ಹೀಗೇ ಇದ್ದಾರೆ.

ಎಚ್ಚರ ಬೇಕಾಗುವುದು ಬಸುರಿನಲ್ಲಿ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆಗಿದ್ದರೆ, ಮಗುವಿನ ರಕ್ತದ ವಿರುದ್ಧ ತಾಯಿಯ ದೇಹ ಸೆಟೆದು ನಿಲ್ಲಬಹುದು. ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ, ಪೆಟ್ಟು ಬೀಳುವುದು ಮುಂದಿನದಕ್ಕೆ. ಇದನ್ನು ತಡೆಯಲು ಏಳನೇ ತಿಂಗಳ ಹೊತ್ತಿಗೆ ಒಂದು ಆಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ. ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾಗಿ 72 ಗಂಟೆಯೊಳಗೆ ಇನ್ನೊಂದು. ಗರ್ಭಪಾತವಾದರೂ ಡಾಕ್ಟರನ್ನು ಇದರ ಬಗ್ಗೆ ಕೇಳಿ. ಮರೆಯುವುದು ಅಲ್ಲೇ.

'ಸಿಕ್ಕಿತು' ಅಂದ ಮಾತ್ರಕ್ಕೆ ಖಾತ್ರಿ ಅಂತಲೂ ಅಲ್ಲ. ಸುಮ್ನೆ ಒಂದು ಲೆಕ್ಕ ಹಾಕೋಣ. ಸಾವಿರಕ್ಕೆ ಒಬ್ಬರಿಗೆ ಬರುವ ಕಾಯಿಲೆ. ನೂರಕ್ಕೆ 99 ಸಲ ಸರಿ ಹೇಳುವ ಪರೀಕ್ಷೆ. ಒಂದು ಲಕ್ಷ ಜನರಿಗೆ ಮಾಡಿದೆವು ಅಂದುಕೊಳ್ಳಿ. ಕಾಯಿಲೆ ಇರುವ 100 ಜನರಲ್ಲಿ 99 ಮಂದಿ ಸಿಗುತ್ತಾರೆ. ಆದರೆ ಉಳಿದ 99,900 ಆರೋಗ್ಯವಂತರಲ್ಲಿ 999 ಜನರಿಗೂ ತಪ್ಪಾಗಿ ಪಾಸಿಟಿವ್ ಬರುತ್ತದೆ. ಹೆದರಿ ಕೂತವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಏನೂ ಇಲ್ಲ! ಲಕ್ಷಣವೇ ಇಲ್ಲದವರಿಗೆ ಎಚ್‌ಐವಿ ಇದೆ ಎಂದು ಹೇಳುವ ಮುಂಚೆ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡುವುದು ಇದಕ್ಕೇ. ಆಫರ್‌ನಲ್ಲಿ ಸಿಗುತ್ತದೆ ಎಂದು ಎಪ್ಪತ್ತು ಟೆಸ್ಟ್‌ಗಳ ಪ್ಯಾಕೇಜ್ ಮಾಡಿಸುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುವುದೂ ಇದಕ್ಕೇ. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಂಡೆ, ಇರಲಿ.

ಇನ್ನು ನೆಗೆಟಿವ್. ಮಳೆಗಾಲದಲ್ಲಿ ಡೆಂಗಿ ಟೆಸ್ಟ್‌ಗೆ ಬರುವವರಲ್ಲಿ ಇದೇ ಎಡವಟ್ಟು. ಎನ್‌ಎಸ್1 ಅನ್ನುವುದು ವೈರಸ್ಸಿನದೇ ಪ್ರೋಟೀನ್, ಜ್ವರದ ಮೊದಲ ನಾಲ್ಕೈದು ದಿನ ಚೆನ್ನಾಗಿ ಸಿಗುತ್ತದೆ. ಆಮೇಲೆ ಕಡಿಮೆಯಾಗುತ್ತ ಹೋಗುತ್ತದೆ. ಅಷ್ಟು ಹೊತ್ತಿಗೆ ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಐಜಿಎಂ ಎಂಬ ಪ್ರತಿಕಾಯ ಕಾಣತೊಡಗುತ್ತದೆ, ಅದಕ್ಕೆ ಬೇರೆ ಟೆಸ್ಟ್. ಆರನೇ ದಿನ ಬಂದು ಎನ್‌ಎಸ್1 ಒಂದನ್ನೇ ಮಾಡಿಸಿ, ನೆಗೆಟಿವ್ ಅಂತ ಮನೆಗೆ ಹೋದರೆ ಏನು ಗತಿ? ಕಳ್ಳ ಹಿತ್ತಿಲಿಗೆ ಹೋದ ಮೇಲೆ ಜಗಲಿಯಲ್ಲಿ ಹುಡುಕಿದ ಹಾಗೆ. ಜ್ವರ ಬಿಟ್ಟ ಆ ಒಂದೆರಡು ದಿನಗಳಲ್ಲೇ ಡೆಂಗಿ ಕೈಕೊಡುವುದು ಜಾಸ್ತಿ. ಅದಕ್ಕೇ ಜ್ವರ ಎಷ್ಟನೇ ದಿನ ಎಂದು ನಮ್ಮ ಹುಡುಗಿ ಕೌಂಟರ್‌ನಲ್ಲೇ ಕೇಳಿ ಬರೆದುಕೊಳ್ಳುತ್ತಾಳೆ.

ಆ ಹೆಪಟೈಟಿಸ್ ಯಜಮಾನರ ಪ್ರಸಂಗ ಆದ ಮೇಲೆ ನಾನು ರಿಪೋರ್ಟಿನ ಅಂಚಿನಲ್ಲಿ ಪೆನ್ನಿನಿಂದ 'ಸಿಕ್ಕಿದೆ', 'ಸಿಕ್ಕಿಲ್ಲ' ಎಂದು ಕನ್ನಡದಲ್ಲಿ ಬರೆಯಲು ಶುರು ಮಾಡಿದೆ. ಮೊನ್ನೆ ಮೊಮ್ಮಗನ ಎನ್‌ಎಸ್1 ರಿಪೋರ್ಟ್ ಹಿಡಿದುಕೊಂಡ ಅಜ್ಜಿಯೊಬ್ಬರು ಅದನ್ನು ಓದಿ ಕೇಳಿದರು: "ಸಿಕ್ಕಿಲ್ಲ ಅಂದ್ರೆ ಇನ್ನೂ ಹುಡುಕ್ತಾ ಇದ್ದೀರೇನವ್ವಾ?"

ಹುಡುಗನಿಗೆ ಅವತ್ತು ಜ್ವರ ಬಂದು ಆರನೇ ದಿನ. "ಹೌದಜ್ಜಿ, ಇನ್ನೊಂದು ಟೆಸ್ಟ್ ಮಾಡ್ಬೇಕು, ಕೂತ್ಕೊಳ್ಳಿ" ಅಂದೆ.